ಹಿತ್ತಾಳೆ ತಂಬಿಗೆಯ ಚಿನ್ನ

ಟೂಂಗಾಬಿ, ಸಿಡ್ನಿ
೧೮ ಆಗಸ್ಟ್ ೧೯೯೬

ಪ್ರೀತಿಯ ಅಹಲ್ಯಕ್ಕನಿಗೆ,

ನಿನ್ನ ತಮ್ಮ ತ್ರಿವಿಕ್ರಮನ ನಮಸ್ಕಾರಗಳು. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಬೈದರೆ ಬೈಯಿ, ಅದಕ್ಕೆ ಲಾಯಕ್ಕಾಗಿಯೇ ಇದ್ದೇನೆ. ಡಿಸೆಂಬರಿಗೆ ಬರುತ್ತೇನೆ, ಮೆಲ್ಬರ್ನಿನಲ್ಲಿ ಅಮ್ಮನ ಅಸ್ಥಿ ಬಿಟ್ಟ ಸೇಂಟ್ ಕಿಲ್ಡಾ ಕಡಲಿಗೆ ಒಂದು ಬೊಗಸೆ ಹೂ ಹಾಕಬೇಕು, ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದ್ದೀಯೆ. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ತೆಗೆದು ಎದ್ದುಬಿಟ್ಟಿದ್ದೇನೆ.

ಉಷಾ ಚೆನ್ನಾಗಿದ್ದಾಳೆ. ಚಾಟ್ಸ್‌ವುಡ್ ಆಫೀಸಿಗೆ ರೈಲಿನಲ್ಲಿ ಹೋಗಿ ಬರುವುದರಲ್ಲೇ ನನ್ನ ಆಯುಷ್ಯ ಸವೆಯುತ್ತಿದೆ. ಅಲ್ಲಿ ಕೆನ್ ಎಂಬ ಸಹೋದ್ಯೋಗಿ ಇದ್ದಾನೆ. ವಾರವೆಲ್ಲ ಕಂಪ್ಯೂಟರು, ಶನಿವಾರ ಬಂದರೆ ನಿಧಿ ಹುಡುಕುವ ಹುಚ್ಚು. ಕಳೆದ ವಾರ ನನ್ನನ್ನೂ ಹೊರಡಿಸಿದ. ಬಾಥರ್ಸ್ಟ್ ಆಚೆ, ಹಿಂದೆ ಚಿನ್ನಕ್ಕಾಗಿ ಲೋಕವೆಲ್ಲ ಮುಗಿಬಿದ್ದ ಗುಡ್ಡಗಳಿಗೆ.

ಆ ಗಣಿಗಾರರಿಗೆ ಬಟ್ಟೆಬರೆ ಮಾರುತ್ತ ಗಾಡಿಯಲ್ಲಿ ತಿರುಗುತ್ತಿದ್ದ ನಮ್ಮ ದೇಶದವನೊಬ್ಬನಿದ್ದನಂತೆ. ಹೆಸರು ಯಾರಿಗೂ ಗೊತ್ತಿಲ್ಲ. ಜೊತೆಗಿದ್ದ ತಮ್ಮ ಸತ್ತ ಮೇಲೆ ಒಂದು ಹಿತ್ತಾಳೆ ತಂಬಿಗೆಯನ್ನು ಗಾಡಿಯ ಹೊರಗೆ ತೂಗುಹಾಕಿ, ಯಾರಿಗೂ ಮುಟ್ಟಗೊಡದೆ ಕಾಯುತ್ತಿದ್ದನಂತೆ. ಜ್ವರ ಬಂದು ಸಾಯುವ ಮುಂಚೆ ಅದನ್ನು ಹೂತಿಟ್ಟ. ಅಷ್ಟು ಜೋಪಾನ ಮಾಡಿದನೆಂದರೆ ಚಿನ್ನವೇ ಇರಬೇಕೆಂದು ಜನ ನೂರು ವರ್ಷದಿಂದ ಅಗೆಯುತ್ತಿದ್ದಾರೆ. ಗಾಡಿಯೊಳಗೆ ಇಡದೆ ಹೊರಗೇಕೆ ತೂಗುಹಾಕಿದ ಎಂದು ಒಬ್ಬ ಬಿಳಿಯನಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲವಲ್ಲ, ಅದಕ್ಕೆ ಏನು ಹೇಳಲಿ!

ಒಂದು ಪಾಳು ಗುಡಿಸಲಿನ ಒಲೆಗಲ್ಲುಗಳ ಹತ್ತಿರ ಕೆನ್‌ನ ಲೋಹ ಹುಡುಕುವ ಡಿಟೆಕ್ಟರ್ ಕೀಂಯ್ ಎಂದಿತು. ಮೊಣಕೈಯಷ್ಟು ಆಳದಲ್ಲಿ ತಂಬಿಗೆ ಸಿಕ್ಕಿತು. ಬಾಯಿಗೆ ಅರಗು ಮೆತ್ತಿತ್ತು. ಚಾಕುವಿನಿಂದ ಕೆರೆದು ಹುಲ್ಲಿನ ಮೇಲೆ ಬೋರಲು ಹಾಕಿದ. ಬೂದಿ ಬಿತ್ತು, ಅದರಲ್ಲಿ ಬಿಳಿ ಚೂರುಗಳು.

"ಬ್ಲಡೀ ಆಶ್, ಮೇಟ್! ವಾಟ್ ಎ ಜೋಕ್!" ಎಂದು ನಕ್ಕು, ತಂಬಿಗೆಯನ್ನು ಬೂಟಿಗೆ ಕುಟ್ಟಿ ಕೊಡವಿದ.

ನೋಡಿದ ಕೂಡಲೇ ನನಗೆ ಗೊತ್ತಾಯಿತು ಅಕ್ಕ. ಊರಿಗೆ ಒಯ್ಯಬೇಕೆಂದು ಕಾದಿಟ್ಟ ತಮ್ಮನ ಅಸ್ಥಿ ಅದು. ಆದರೂ ನಾನು ಬಾಯಿ ಬಿಡಲಿಲ್ಲ. ಗಾಳಿಗೆ ಅರ್ಧ ಹಾರಿಹೋಯಿತು. ಕೆನ್ ಕಾರಿನ ಕಡೆ ಹೋದಾಗ ಉಳಿದದ್ದನ್ನು ಬಳಿದು ನನ್ನ ಊಟದ ಡಬ್ಬಿಗೆ ತುಂಬಿಕೊಂಡೆ.

ಮನೆಯಲ್ಲಿ ಉಷಾ, "ಇದೇನ್ರೀ, ಯಾರದೋ ಅಸ್ಥೀನ ಒಳಗ್ ತರ್ತಿದೀರಲ್ಲ! ಹೊರಗಿಡ್ರೀ!" ಎಂದು ಕೂಗಾಡಿದಳು.

"ಹೊರಗಿಡಲ್ಲ ಕಣೇ. ಇನ್ನೊಂದ್ ಸಲ ಹೊರಗಿಡಲ್ಲ" ಎಂದೆ. ಅವಳಿಗೆ ಅರ್ಥವಾಯಿತು, ತಾನೇ ಜಾಗ ಮಾಡಿಕೊಟ್ಟಳು. ಡಬ್ಬಿ ಈಗ ನನ್ನ ಪುಸ್ತಕದ ಕಪಾಟಿನಲ್ಲಿದೆ.

ಭಾವನವರಿಗೆ ನಮಸ್ಕಾರ ತಿಳಿಸು. ಆರತಿಗೆ ನನ್ನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ.

ನಿನ್ನ ತಮ್ಮ,
ತ್ರಿವಿಕ್ರಮ

ತಾ.ಕ.: ಅಮ್ಮನನ್ನು ಕಡಲಿಗೆ ಬಿಟ್ಟೆನೆಂದು ನಾನು ಬರೆದದ್ದು ಸುಳ್ಳು. "ಅಸ್ಥಿ ಮನೆಯೊಳಗೆ ತರಬೇಡ್ವೋ, ಹೊರಗಿಟ್ಟು ಬೇಗ ಪಶ್ಚಿಮವಾಹಿನಿಗೆ ತಗೊಂಬಾ" ಎಂದು ನೀನು ಫೋನಿನಲ್ಲಿ ಅಳುತ್ತ ಹೇಳಿದೆಯಲ್ಲ, ಹಾಗೇ ಗರಾಜಿನ ಮೇಲಿನ ಶೆಲ್ಫಿನಲ್ಲಿಟ್ಟೆ. ಈ ವರ್ಷ ರಜೆಯಿಲ್ಲ, ಇಲ್ಲಿ ಕಾಯಂ ಇರಲು ಪಿಆರ್ ಬರಲಿ, ಮುಂದಿನ ವರ್ಷ ನೋಡೋಣ ಎನ್ನುತ್ತ ಮೂರು ವರ್ಷ ಕಳೆದೆ. ಮೆಲ್ಬರ್ನ್ ಮನೆ ಮಾರಿ ಸಿಡ್ನಿಗೆ ಬರುವಾಗ ಒಳಗಿದ್ದ ಒಂದು ಚಮಚವನ್ನೂ ಬಿಡದೆ ಪ್ಯಾಕ್ ಮಾಡಿದೆವು. ಗರಾಜಿನ ಶೆಲ್ಫು ಮರೆತೇ ಹೋಯಿತು. ಹತ್ತು ದಿನದ ಮೇಲೆ ನೆನಪಾಗಿ ಫೋನ್ ಮಾಡಿದೆ. ಮನೆ ಕೊಂಡವನು ಆಗಲೇ ಎಲ್ಲವನ್ನೂ ಕಸಕ್ಕೆ ಹಾಕಿಸಿದ್ದ. ಒಳ್ಳೆಯವನು, ಪಾಪ, "ಸಾರಿ ಮೇಟ್, ಎನಿಥಿಂಗ್ ವ್ಯಾಲ್ಯುಬಲ್?" ಎಂದು ಕೇಳಿದ.

"ನೋ, ನಥಿಂಗ್" ಎಂದುಬಿಟ್ಟೆ ಅಕ್ಕ.