ಹದಿನಾಲ್ಕನೇ ಮುದ್ರೆ

ಕೊಲೊಮಿಯೆ,
ನವೆಂಬರ್ 15, ಶುಕ್ರವಾರ

ಪ್ರೀತಿಯ ಒಡೀಲ್,

ನಿನ್ನ ಸೆಪ್ಟೆಂಬರ್ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈದುಬಿಡು. ನೀನು ಕಳಿಸಿದ ಜೇನು ಅರ್ಧ ಖಾಲಿಯಾದ ಮೇಲೆ ಚೆನ್ನಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಬರೆಯಲೆಂದು ಎಷ್ಟೋ ಸಲ ಕೂತು ಎದ್ದೆ. ಇಲ್ಲಿ ಮೂರು ದಿನದಿಂದ ಒತಾನ್ ಗಾಳಿ ಬಿಡದೆ ಬೀಸುತ್ತಿದೆ. ಜನ ಕಾರಣವಿಲ್ಲದೆ ರೇಗುತ್ತಾರೆ. ನಿನ್ನ ಭುಜದ ನೋವು ಹೇಗಿದೆ? ಚಳಿಯಲ್ಲಿ ಜೇನುಪೆಟ್ಟಿಗೆಗಳನ್ನು ಒಬ್ಬಳೇ ಎತ್ತಬೇಡ.

ನಮ್ಮ ಕಾರ್ಖಾನೆ ಈಗ ನಿನಗೆ ಗುರುತೇ ಸಿಗದು. ಹೊಸ ಪಾಲುದಾರರು ಬಂಡವಾಳ ಹಾಕಿದ ಮೇಲೆ ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಗಾಜಿನ ಶೆಡ್ಡು ಎದ್ದಿದೆ. ಒಪ್ಪಂದದ ದಿನ ಮೂರು ದೇಶಗಳ ಬಾವುಟ, ಬಾತುಕೋಳಿ ಮಾಂಸ, ಮುಗಿಯದ ಭಾಷಣ. ಹೊಸ ಎಂಜಿನ್ನನ್ನು ವಿಮಾನದ ರೆಕ್ಕೆಗೆ ಹಿಡಿದಿಡುವ ಪಿನ್ನುಗಳೆಲ್ಲ ಇನ್ನು ನಮ್ಮಲ್ಲಿಂದಲೇ. ನಿರ್ದೇಶಕ ಕಾಜೊಬೋನ್ ವೇದಿಕೆಯಲ್ಲಿ ಅತ್ತೇಬಿಟ್ಟ. ನಾನೂ ಚಪ್ಪಾಳೆ ತಟ್ಟಿದೆ. ಅವರು ಬರದಿದ್ದರೆ ನೂರಾ ಹತ್ತು ಜನ ಬೀದಿಗೆ ಬೀಳುತ್ತಿದ್ದರು.

ಬಂಡವಾಳದ ಬೆನ್ನಿಗೆ ಅವಸರವೂ ಬಂತು. ತಿಂಗಳಿಗೆ ನಲವತ್ತು ಪಿನ್ನು ಮಾಡುತ್ತಿದ್ದವರು ನೂರು ಮಾಡಬೇಕು. ಪರೀಕ್ಷೆಯ ದ್ರವದಲ್ಲಿ ಅದ್ದಿ ಇಪ್ಪತ್ತು ನಿಮಿಷ ಬಿಡುತ್ತಿದ್ದೆವಲ್ಲ, ಈಗ ಹತ್ತು. ನೇರಳೆ ದೀಪದಡಿ ಬಿರುಕು ಹಸಿರಾಗಿ ಕಾಣಲು ಹೊತ್ತು ಬೇಕು ಎಂದು ನನಗೆ ಕಲಿಸಿದವಳು ನೀನು. ಆ ಮಾತನ್ನು ಇಲ್ಲಿ ಕೇಳುವವರಿಲ್ಲ. ನೀನು ಹೋದ ಮೇಲೆ ನಿನ್ನ ಜಾಗಕ್ಕೂ ಯಾರೂ ಬರಲಿಲ್ಲ, ಎರಡನೇ ಮುದ್ರೆಗೆ ಆಗೀಗ ಹೊರಗಿನಿಂದ ಒಬ್ಬರು ಬಂದು ಹೋಗುತ್ತಾರೆ, ಅಷ್ಟೆ. ಒಬ್ಬರು ನೋಡಿ ತಮ್ಮ ನಂಬರಿನ ಮುದ್ರೆ ಒತ್ತಬೇಕು, ಇನ್ನೊಬ್ಬರು ಅವರನ್ನು ಏನೂ ಕೇಳದೆ ತಾವೇ ನೋಡಿ ಮುದ್ರೆ ಒತ್ತಬೇಕು, ಎರಡೂ ಇಲ್ಲದೆ ಪಿನ್ನು ಬಾಗಿಲು ದಾಟಬಾರದು ಎಂಬ ನಿಯಮ ಮಾತ್ರ ಹಾಗೇ ಇದೆ.

"ಇನ್ನೊಬ್ರು ಯಾಕೆ ಬೇಕು ಮೇಲಿಸ್?" ಎಂದು ಪಾಲಿಶ್ ಮಾಡುವ ಫಾಬಿಯೆನ್ ರೇಗಿಸಿದ. "ಎರಡು ಕಣ್ಣಿಲ್ವಾ ನಿನಗೆ? ಕಣ್ಣಿಗೊಂದು ಮುದ್ರೆ ಒತ್ತು!"

ಎಲ್ಲರೂ ನಕ್ಕರು. ನಾನು ಮಾತ್ರ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡೆ.

ಮೊನ್ನೆ ಮಂಗಳವಾರ ವಿಮಾನ ಜೋಡಣೆಯವರು ಅನುಮಾನ ಬಂದು ಒಂದು ಪಿನ್ನನ್ನು ವಾಪಸ್ ಕಳಿಸಿದರು. ಕತ್ತಲೆ ಕೋಣೆಗೆ ಒಯ್ದು ಪೂರ್ತಿ ಇಪ್ಪತ್ತು ನಿಮಿಷ ಕಾದೆ. ಪಿನ್ನಿನ ಕತ್ತಿನ ಸುತ್ತ ಕೂದಲೆಳೆಯಂಥ ಹಸಿರು ಗೆರೆ ಮೂಡಿತು. ಅದರ ಕೆಳಗೆ ನನ್ನ ಮುದ್ರೆಯ ನಂಬರು, ಇಪ್ಪತ್ತೆರಡು. ಪಕ್ಕದಲ್ಲಿ ಹದಿನಾಲ್ಕು.

ನಿನ್ನ ನಂಬರು, ಒಡೀಲ್. ಪಿನ್ನು ಈ ಜುಲೈಯದು. ನೀನು ಪೋ ಊರು ಸೇರಿ ಎರಡು ವರ್ಷವಾಯಿತು. ನಿವೃತ್ತಿಯ ದಿನ ನಿನ್ನ ಮುದ್ರೆಯನ್ನು ಪದ್ಧತಿಯಂತೆ ಬಟ್ಟೆಯಲ್ಲಿ ಸುತ್ತಿ, ಎಲ್ಲರೆದುರು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಜಜ್ಜಿದ್ದೆವು. ಆಮೇಲೆ ಆ ನಂಬರು ಯಾರಿಗೂ ಸಲ್ಲಬಾರದು.

ಕಾಜೊಬೋನ್ ಬಾಗಿಲು ಹಾಕಿಕೊಂಡು ಕೂರಿಸಿದ.

"ಗಾಬರಿ ಬೇಡ ಮೇಡಂ. ಒಂದೇ ಒಂದು ಪಿನ್ನು ತಾನೆ?"

"ಒಡೀಲ್ ನಿವೃತ್ತರಾಗಿ ಎರಡು ವರ್ಷ ಆಯ್ತು, ಸರ್."

"ಪರೀಕ್ಷಕರ ಪಟ್ಟಿಯಿಂದ ಅವರ ಹೆಸರು ತೆಗೆದಿಲ್ವಲ್ಲ! ಆಗೀಗ ಬಂದು ನೋಡಿಕೊಡ್ತಿದ್ರು ಅನ್ನೋಣ. ವಯಸ್ಸಾಯ್ತು, ಕಣ್ತಪ್ಪಿ ಹೋಯ್ತು. ವಯಸ್ಸಾದವ್ರನ್ನ ಯಾರು ಜೈಲಿಗೆ ಹಾಕ್ತಾರೆ?"

"ಉಳಿದ ಪಿನ್ನುಗಳು?"

"ಅವನ್ನೆಲ್ಲ ವಿಮಾನಗಳಿಂದ ಬಿಚ್ಚಿಸಿದ್ರೆ ಪಾಲುದಾರರು ನಾಳೆನೇ ಗಂಟುಮೂಟೆ ಕಟ್ತಾರೆ. ನೂರಾ ಹತ್ತು ಜನಾನ ನೀವು ಸಾಕ್ತೀರಾ?"

ಮುದ್ರೆ ಎಲ್ಲಿಂದ ಬಂತು ಎಂದು ಅವನು ಕೇಳಲೇ ಇಲ್ಲ.

ಬರುವ ಮಂಗಳವಾರ ತನಿಖೆಯವರು ಬರುತ್ತಾರೆ. ಸೋಮವಾರ ಕಾಜೊಬೋನ್ ನಿನಗೆ ಫೋನ್ ಮಾಡುತ್ತಾನೆ. ಜೇನಿನ ಬಗ್ಗೆ, ಮೊಮ್ಮಗಳ ಬಗ್ಗೆ ವಿಚಾರಿಸಿ, ಕೊನೆಗೆ ಒಂದು 'ಹೌದು' ಕೇಳುತ್ತಾನೆ. ಹೇಳಬೇಡ. ನಿವೃತ್ತಿಯ ನಂತರ ಇಲ್ಲಿಗೆ ಕಾಲಿಟ್ಟಿಲ್ಲ ಎನ್ನು. ಯಾರನ್ನೂ ಉಳಿಸಲು ಹೋಗಬೇಡ, ನನ್ನನ್ನೂ. ಆ ಪಿನ್ನುಗಳಲ್ಲಿ ಎಷ್ಟೋ ಈಗಾಗಲೇ ಜನರನ್ನು ಹೊತ್ತು ಹಾರುತ್ತಿವೆ. ನಮ್ಮ ಛಾವಣಿಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಚಮಚ ಕೆಳಗಿಟ್ಟು ಸದ್ದು ಪೂರ್ತಿ ಅಡಗುವವರೆಗೆ ಕಾಯುತ್ತೇನೆ.

ಫಾಬಿಯೆನ್ ನಾಳೆ ತಾಯಿಯನ್ನು ನೋಡಲು ಪೋಗೆ ಬರುತ್ತಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿಸಿದರೆ ಇದನ್ನೆಲ್ಲ ಹೇಳಲಾರೆ. ನಿನಗೆ ನೆಮ್ಮದಿಯ ನಿದ್ದೆ ಸಿಗಲಿ. ಪುಟ್ಟ ಮೊಮ್ಮಗಳು ಬೆರ್ತೀಲಳ ಕೆಮ್ಮು ಬೇಗ ವಾಸಿಯಾಗಲಿ.

ನಿನ್ನ
ಮೇಲಿಸ್

ತಾ.ಕ.: ಅಂದು ಭುಜ ನೋಯುತ್ತದೆಂದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟೆಯಲ್ಲ. ಬಟ್ಟೆಯೊಳಗೆ ನಾನು ಇಟ್ಟದ್ದು ಹಳೆಯ ಬೋಲ್ಟು. ನಿನ್ನ ಮುದ್ರೆಯನ್ನು ಜಜ್ಜಲು ಮನಸ್ಸು ಬರಲಿಲ್ಲ. ನೆನಪಿಗೆಂದು ಕೈಚೀಲದಲ್ಲಿ ಇಟ್ಟುಕೊಂಡೆ. ಈ ಫೆಬ್ರವರಿಯಲ್ಲಿ ಹೊರಗಿನವರು ಬಾರದೆ, ಎರಡನೇ ಮುದ್ರೆಯಿಲ್ಲದೆ ಪಿನ್ನುಗಳು ಗುಡ್ಡೆಬಿದ್ದವು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಕಲಿಸಿದವಳು ನೀನೇ, ನನ್ನ ಕಣ್ಣಲ್ಲಿ ನಿನ್ನ ಕಣ್ಣೂ ಇದೆ ಎಂದು ನನಗೆ ನಾನೇ ಹೇಳಿಕೊಂಡು ನಿನ್ನ ಮುದ್ರೆಯನ್ನೂ ನಾನೇ ಒತ್ತಿದೆ. ಹಾಗೆ ಇನ್ನೂರ ಅರವತ್ತಮೂರು ಪಿನ್ನುಗಳು ಹೋದವು. ವಾಪಸ್ ಬಂದದ್ದು ಒಂದೇ.