ಮೂಲೆಯ ಹಳದಿ ಗೀರು

ಭಾನುವಾರ, ಆಗಸ್ಟ್ ೧೭

ಅಕ್ಕನ ಮುಖ ನೋಡಲಾಗದೆ ಊಟದ ಶಾಸ್ತ್ರ ಮುಗಿಸಿ ಕೋಣೆ ಸೇರಿದೆ. ಜಲಪಾತದ ನೀರು ಫೋಟೋದಲ್ಲಿ ಹಾಲಿನಂತೆ ಬರಬೇಕಾದರೆ ಶಟರ್ ಕೆಲವು ಸೆಕೆಂಡು ತೆರೆದೇ ಇರಬೇಕು, ಆಗ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು ಎಂದು ಕಲಿತು ಇನ್ನೂ ವಾರವಾಗಿಲ್ಲ. ಇವತ್ತು ಜಲಪಾತದ ಎದುರು ಸ್ಟ್ಯಾಂಡ್ ನಿಲ್ಲಿಸಿ ಬಟನ್ ಒತ್ತಿದೆ, ಅಷ್ಟರಲ್ಲೇ ಪಕ್ಕದ ಪಾಚಿಗಲ್ಲಿನ ಮೇಲೆ ಅಕ್ಕನ ಕಾಲು ಜಾರಿತು.

"ಅಯ್ಯೋ, ಹಿಡ್ಕೊಳೋ!"

ಕೈ ಚಾಚಿದ್ದರೆ ಸಿಗುತ್ತಿದ್ದಳು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಕ್ಯಾಮೆರಾ ಸ್ಟ್ಯಾಂಡನ್ನು. ಬಾಯಲ್ಲಿ ಬಂದದ್ದು, "ಒಂದ್ನಿಮಿಷ, ಅಲ್ಲಾಡಿಸ್ಬೇಡ!"

ಥೂ, ನನ್ನ ಜನ್ಮಕ್ಕಿಷ್ಟು.

ಅವಳ ಮಂಡಿ ಊದಿದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು, ಬೈಯಲಿಲ್ಲ. ಮನೆಗೆ ಬಂದು ಮಂಡಿಗೆ ಐಸ್ ಒತ್ತಿಕೊಂಡೇ "ಎಲ್ಲಿ, ತೋರ್ಸು" ಅಂದಳು. ತೋರಿಸಿದೆ. ನೀರೇನೋ ಹಾಲಿನಂತೆಯೇ ಬಂದಿದೆ. ಮೂಲೆಯಲ್ಲಿ ಮಾತ್ರ ಮೇಲಿನಿಂದ ಕೆಳಕ್ಕೆ ಒಂದು ಹಳದಿ ಗೀರು.

"ಇದೇನೋ ಇದು?"

"ಯಾವ್ದೋ ಎಲೆ ಬಿದ್ದಿರ್ಬೇಕು ಕಣಕ್ಕಾ."

ಹೂಂ ಅಂದಳು. ಎದುರಿಗೆ, ಬಾಗಿಲ ಮೊಳೆಯಲ್ಲಿ, ಅವಳ ಹಳದಿ ರೇನ್‌ಕೋಟು ಇನ್ನೂ ತೊಟ್ಟಿಕ್ಕುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದಳು, "ಎಲೆ ಚೆನ್ನಾಗಿ ಬಂದಿದೆ."