ಮಾವನವರು ಮರೆತ ಸಾಲು

ಮಾವನವರಿಗೆ ನಮಸ್ಕಾರ.

ನಿನ್ನೆ ಊಟಕ್ಕೆ ಕೂತಾಗ, ತಪ್ಪು ಸಿಕ್ಕಿತು, ಇನ್ನು ಒಂದು ಸಾಲು ಸೇರಿಸಿದರೆ ಸಾಕು ಎಂದೆ. ನೀವು ಎಲ್ಲರೆದುರು, “ಒಂದು ಸಾಲು ಬರೆಯೋಕೆ ಒಂಬತ್ತು ದಿನಾನಾ?” ಅಂದಿರಿ. ಹಿರಿಯರಿಗೆ ಎದುರು ಮಾತಾಡಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಫೈಲು ಬರೆಯುವಾಗ ಡಿಸ್ಕ್ ತುಂಬಿದರೆ, ನಮ್ಮ ಆಫೀಸಿನ ಕಂಪ್ಯೂಟರ್ ಕೋಡು, ಬೇರೆ ಪ್ರೋಗ್ರಾಮು ಮುಟ್ಟದಂತೆ ಫೈಲಿಗೆ ತಾನು ಹಾಕಿದ ಬೀಗ ತೆಗೆಯದೆಯೇ ಹೊರಟುಹೋಗುತ್ತಿತ್ತು. ಆಮೇಲೆ ಬಂದ ಪ್ರೋಗ್ರಾಮುಗಳೆಲ್ಲ ಬಾಗಿಲಲ್ಲೇ ಕಾಯುತ್ತ ಕೂತು, ಇಡೀ ಯಂತ್ರವೇ ನಿಂತುಬಿಡುತ್ತಿತ್ತು. ಒಂಬತ್ತು ದಿನ ತಲೆ ಚಚ್ಚಿಕೊಂಡು ಆ ಜಾಗ ಹುಡುಕಿದೆ. ಅಲ್ಲೊಂದು ಟಿಪ್ಪಣಿ: “ಹೀಗೆ ಎಂದೂ ಆಗುವುದಿಲ್ಲ.” ಕೆಳಗೆ ನೀವು ಇದೇ ಆಫೀಸಿನಿಂದ ನಿವೃತ್ತರಾದ ವರ್ಷದ ತಾರೀಖು, ನಿಮ್ಮ ಹೆಸರು.

ಮನೆಯ ಗೇಟಿನ ಬೀಗವನ್ನು ಮೂರು ಸಲ ಎಳೆದು ನೋಡುವವರು ನೀವು!

ಬೀಗ ತೆಗೆಯುವ ಸಾಲನ್ನು ಇಂದು ಸೇರಿಸಿದೆ. ಹೌದು, ಒಂದೇ ಸಾಲು. ನೀವು ಬರೆಯಲು ಮರೆತದ್ದೂ ಅದೊಂದನ್ನೇ. ಇವತ್ತು ಊಟಕ್ಕೆ ಕೂತಾಗ ದಯವಿಟ್ಟು ಇದನ್ನೂ ಎಲ್ಲರೆದುರೇ ಹೇಳಿ.

ಇಂತಿ,
ಬೇಗ ಮನೆಗೆ ಬರಲಿರುವ ನಿಮ್ಮ ಸೊಸೆ